ಈ ಚಳಿಗಾಲ ಫೀಡರ್‌ಗೆ ಹಕ್ಕಿಗಳು ಯಾಕೆ ಕಡಿಮೆ?

ಹಿತ್ತಲಕಿಟಕಿ: ಉತ್ತರ ಅಮೆರಿಕದಲ್ಲಿ ಫೀಡರ್ (ಹಕ್ಕಿಗಳಿಗೆ ಬೀಜ ತುಂಬಿಸಿ ತೂಗುಹಾಕುವ ಡಬ್ಬ) ಇಟ್ಟಿರುವವರಿಗೆ ಒಂದು ಪ್ರಶ್ನೆ. ಹೋದ ಚಳಿಗಾಲ ನಮ್ಮಲ್ಲಿ ಪೈನ್ ಸಿಸ್ಕಿನ್ ಅನ್ನೋ ಪುಟ್ಟ ಹಕ್ಕಿಗಳು ಮುಗಿಬೀಳ್ತಿದ್ದವು, ಬೆಳಿಗ್ಗೆ ತುಂಬಿಸಿದ ಬೀಜ ಸಂಜೆಗೆ ಖಾಲಿ. ಈ ಸಲ ಒಂದೂ ಕಾಣ್ತಿಲ್ಲ. ಜಂಕೊಗಳೂ ಕಡಿಮೆ ಅನ್ನಿಸುತ್ತೆ. ಚಿಕಡೀ ಮಾತ್ರ ಎಂದಿನಂತೆ ಬಂದು, ಒಂದೇ ಒಂದು ಸೂರ್ಯಕಾಂತಿ ಬೀಜ ಕಚ್ಚಿಕೊಂಡು, ಕೊಂಬೆ ಮೇಲೆ ಕೂತು ಕಾಲಲ್ಲಿ ಒತ್ತಿ ಹಿಡಿದು ಕುಟ್ಟಿ ತಿನ್ನುತ್ತೆ. ಬೀಜ ಅದೇ, ಜಾಗ ಅದೇ. ಹಕ್ಕಿಗಳ ಸಂತತಿಯೇ ಕಡಿಮೆಯಾಗ್ತಿದೆಯಾ? ನಿಜಕ್ಕೂ ಬೇಜಾರಾಗಿದೆ.

ರೆಕ್ಕೆಪುಕ್ಕ: ಹತ್ತಿರದಲ್ಲಿ ಕೂಪರ್ಸ್ ಹಾಕ್ ಇದೆಯಾ ನೋಡಿ. ಈ ಗಿಡುಗ ಸುಳಿದಾಡುತ್ತಿದ್ದರೆ ಸಣ್ಣ ಹಕ್ಕಿಗಳು ಫೀಡರ್ ಕಡೆ ತಲೆ ಹಾಕೋಕೂ ಹೆದರುತ್ತವೆ.

ಮಂಜಿನಮರ: ಸಿಸ್ಕಿನ್ ಬಗ್ಗೆ ಚಿಂತೆ ಬೇಡ. ಅವು ಬೀಜ ಇದ್ದಲ್ಲಿಗೆ ಅಲೆಯುವ ಜಾತಿ. ಕೆನಡಾದ ಉತ್ತರದ ಕಾಡುಗಳಲ್ಲಿ ಸ್ಪ್ರೂಸ್ ಮರಗಳು ಒಂದು ವರ್ಷ ಹೇರಳವಾಗಿ ಬೀಜ ಬಿಟ್ಟರೆ ಇನ್ನೊಂದು ವರ್ಷ ಕೈಕೊಡುತ್ತವೆ. ಅಲ್ಲಿ ಬೀಜ ಇಲ್ಲದಾಗ ಹಿಂಡುಹಿಂಡಾಗಿ ದಕ್ಷಿಣಕ್ಕೆ ಇಳಿಯುತ್ತವೆ, 2020ರಲ್ಲಿ ಆಗಿದ್ದು ಇದೇ. ಹಾಗಾಗಿ ಹೋದ ವರ್ಷದ ಗದ್ದಲವನ್ನೇ ಅಳತೆಗೋಲು ಮಾಡ್ಕೋಬೇಡಿ.

ಜಂಕೊ ವಿಷಯ ಬೇರೆ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 1970ರಿಂದೀಚೆಗೆ ಅಮೆರಿಕ, ಕೆನಡಾಗಳಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ, ಅಂದರೆ ಶೇ. 29. ಅದರಲ್ಲಿ ಜಂಕೊದಂಥ ಸಾಮಾನ್ಯ ಹಕ್ಕಿಗಳೂ ಸೇರಿವೆ. ನನಗೆ ತುಂಬಾ ನೋವು ಕೊಡೋದು ಇದೇ: ದಿನಾ ಕಾಣುವ ಹಕ್ಕಿ ಕರಗ್ತಾ ಇದ್ದರೆ ಯಾರ ಗಮನಕ್ಕೂ ಬರಲ್ಲ. ಆದರೆ ಒಂದು ಹಿತ್ತಲಿನ ಒಂದು ಚಳಿಗಾಲ ನೋಡಿ ಇದನ್ನು ಹೇಳೋಕಾಗಲ್ಲ. ಕಾಡಲ್ಲಿ ಬೀಜ ಸಿಕ್ಕರೆ, ಹಿಮ ತಡವಾಗಿ ಬಿದ್ದರೆ, ಫೀಡರ್ ಹಕ್ಕಿಗಳಿಲ್ಲದೆ ಖಾಲಿ ಹೊಡೆಯುತ್ತೆ.

ಅದಕ್ಕೇ ಪ್ರಾಜೆಕ್ಟ್ ಫೀಡರ್‌ವಾಚ್‌ಗೆ ಸೇರಿ ಅಂತೀನಿ. 1987ರಿಂದ ಇಡೀ ಖಂಡದ ಜನ ತಮ್ಮ ಹಿತ್ತಲ ಲೆಕ್ಕ ಕಳಿಸ್ತಿದ್ದಾರೆ. ಎಣಿಸೋದು ಹೇಗೆ ಅಂದರೆ, ಒಂದು ಜಾತಿಯ ಎಷ್ಟು ಹಕ್ಕಿ ಒಟ್ಟಿಗೇ ಕಣ್ಣಿಗೆ ಬಿದ್ದವೋ, ಅದರಲ್ಲಿ ದೊಡ್ಡ ಸಂಖ್ಯೆ ಮಾತ್ರ ಬರೆಯಬೇಕು. ಬೆಳಿಗ್ಗೆ ನಾಲ್ಕು ಜಂಕೊ, ಮಧ್ಯಾಹ್ನ ಆರು ಕಂಡರೆ ಲೆಕ್ಕ ಆರು, ಹತ್ತಲ್ಲ. ಬಂದ ಹಕ್ಕಿಯೇ ಮತ್ತೆ ಬಂದಿರುತ್ತೆ.

ಹಿತ್ತಲಕಿಟಕಿ: ತುಂಬಾ ಥ್ಯಾಂಕ್ಸ್, ಈಗಲೇ ಸೇರ್ತೀನಿ. ಇನ್ನೊಂದು: ಒಂದು ಹೌಸ್ ಫಿಂಚ್‌ನ ಕಣ್ಣು ಊದಿ, ಸುತ್ತ ಕೆಂಪಾಗಿ, ಅಂಟಿಕೊಂಡಂಗಿದೆ. ಹತ್ತಿರ ಹೋದರೂ ಹಾರಲ್ಲ.

ಮಂಜಿನಮರ: ಕಣ್ಣಿನ ಸೋಂಕು ಇರಬಹುದು. ಹೌಸ್ ಫಿಂಚ್‌ಗಳಲ್ಲಿ 1994ರಿಂದ ಹಬ್ಬಿದೆ, ಬ್ಯಾಕ್ಟೀರಿಯಾದಿಂದ ಬರುತ್ತೆ. ಫೀಡರನ್ನು ಇವತ್ತೇ ಇಳಿಸಿ. ಸೋಪಲ್ಲಿ ಉಜ್ಜಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ. ಕೆಳಗೆ ಬಿದ್ದ ಹೊಟ್ಟನ್ನೂ ಗುಡಿಸಿ ಹಾಕಿ. ಕೆಲವು ವಾರ ಬಿಟ್ಟು ಮತ್ತೆ ತೂಗುಹಾಕಿ, ಹಕ್ಕಿಗಳು ಅಲ್ಲಿಯವರೆಗೆ ಬೇರೆ ಕಡೆ ಆಹಾರ ಹುಡುಕಿಕೊಳ್ಳುತ್ತವೆ.