ಎರಡು ಸಾವಿರದ ನೋಟನ್ನು ಅಂಗಡಿಯವರು ತೆಗೆದುಕೊಳ್ಳಲೇಬೇಕೇ?

ಕೇಳಿದವರು, ಶಿರಸಿ:
ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆ ತೆರೆದೆವು. ಅಡಿಕೆ ಮಾರಿದ ರಸೀದಿಗಳ ನಡುವೆ, ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿಟ್ಟ ಎರಡು ಸಾವಿರ ರೂಪಾಯಿಯ ಏಳು ನೋಟುಗಳು ಸಿಕ್ಕವು. ಔಷಧಿ ಅಂಗಡಿಯವರು ಮುಟ್ಟಿಯೂ ನೋಡಲಿಲ್ಲ. ಬ್ಯಾಂಕಿನಲ್ಲಿ ಈಗ ಆಗುವುದಿಲ್ಲ ಎಂದರು. ಪರಿಚಯದವರೊಬ್ಬರು ನೋಟಿಗೆ ಒಂದೂವರೆ ಸಾವಿರದಂತೆ ಕೊಡುತ್ತೇನೆ ಎನ್ನುತ್ತಿದ್ದಾರೆ. ನೋಟಿಗೆ ಕಾನೂನಿನ ಮಾನ್ಯತೆ ಇನ್ನೂ ಇದೆ ಎಂದು ಪತ್ರಿಕೆಯಲ್ಲಿ ಓದಿದ್ದೇನೆ. ಹಾಗಿದ್ದ ಮೇಲೆ ಅಂಗಡಿಯವರು ಬೇಡ ಎನ್ನಬಹುದೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಕಿರಾಣಿ ವ್ಯಾಪಾರಿ, ದಾವಣಗೆರೆ:
ಔಷಧಿ ಅಂಗಡಿಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. 2023ರ ಮೇ 19, ಶುಕ್ರವಾರ ಸಂಜೆ ರಿಸರ್ವ್ ಬ್ಯಾಂಕ್ ಈ ನೋಟು ಹಿಂದಕ್ಕೆ ಪಡೆಯುವುದಾಗಿ ಹೇಳಿತು. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವಾಗಲೇ ಮೂವರು ನಿಂತಿದ್ದರು. ಒಬ್ಬರಿಗೆ ಒಂದು ಸಾಬೂನು, ಇನ್ನೊಬ್ಬರಿಗೆ ಕಾಲು ಕಿಲೋ ರವೆ, ಎಲ್ಲರ ಕೈಯಲ್ಲೂ ಅದೇ ಗುಲಾಬಿ ನೋಟು. ಹತ್ತು ಗಂಟೆಗೆಲ್ಲ ಗಲ್ಲಾಪೆಟ್ಟಿಗೆಯಲ್ಲಿ ನೂರರ ನೋಟು ಒಂದೂ ಉಳಿಯಲಿಲ್ಲ. ಆದರೂ ಆಗ ತೆಗೆದುಕೊಂಡೆ, ಏಕೆಂದರೆ ಸಂಜೆ ನನ್ನ ಚಾಲ್ತಿ ಖಾತೆಗೆ ಕಟ್ಟಬಹುದಿತ್ತು. ಈಗ ತೆಗೆದುಕೊಂಡರೆ ಸಗಟು ವ್ಯಾಪಾರಿ ಮುಟ್ಟುವುದಿಲ್ಲ, ನನ್ನ ಬ್ಯಾಂಕೂ ಮುಟ್ಟುವುದಿಲ್ಲ. ಒಂದು ನೋಟಿಗಾಗಿ ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗಲು ನಮ್ಮಂಥವರಿಂದ ಆಗುವುದಿಲ್ಲ.

ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಮೈಸೂರು:
ನೋಟು ರದ್ದಾಗುವುದು ಬೇರೆ, ಹಿಂದಕ್ಕೆ ಪಡೆಯುವುದು ಬೇರೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳ ಮಾನ್ಯತೆಯನ್ನೇ ಸರ್ಕಾರ ತೆಗೆದುಹಾಕಿತು. ಎರಡು ಸಾವಿರದ ನೋಟಿಗೆ ಹಾಗೆ ಮಾಡಿಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಅದು ಇಂದಿಗೂ ದೇಶದಾದ್ಯಂತ ಸಲ್ಲುವ ಹಣ, ಅದರ ಬೆಲೆಗೆ ಕೇಂದ್ರ ಸರ್ಕಾರದ ಖಾತರಿ ಇದೆ.

ಇಲ್ಲೇ ಬಹಳ ಜನ ಎಡವುತ್ತಾರೆ. ಸಲ್ಲುವ ಹಣ ಎಂದರೆ ತಲೆಯ ಮೇಲಿರುವ ಸಾಲ ತೀರಿಸಲು ಸಲ್ಲುವ ಹಣ. ಹೋಟೆಲಿನಲ್ಲಿ ಊಟ ಮಾಡಿ ಕೈ ತೊಳೆದಾಗಿದೆ, ಬಿಲ್ಲು ಬಂದಿದೆ ಎಂದರೆ ನೀವು ಆಗಲೇ ಸಾಲಗಾರರು. ಆ ಹೊತ್ತಿನಲ್ಲಿ ನೀವು ಮುಂದಿಟ್ಟ ನೋಟನ್ನು ಅವರು ಸುಮ್ಮನೆ ತಳ್ಳಿಹಾಕುವಂತಿಲ್ಲ. ಔಷಧಿ ಅಂಗಡಿಯಲ್ಲಿ ಮಾತ್ರೆ ಇನ್ನೂ ಕಪಾಟಿನಲ್ಲೇ ಇದೆ. ವ್ಯಾಪಾರವೇ ಕುದುರಿಲ್ಲ, ಯಾವ ಸಾಲವೂ ಹುಟ್ಟಿಲ್ಲ. ಈ ನೋಟಿಗೆ ಮಾರುವುದಿಲ್ಲ ಎಂದು ಅವರು ಮೊದಲೇ ಹೇಳಬಹುದು. ಬೇಡ ಎಂದ ಅಂಗಡಿಯವರಿಗೆ ಇಂತಿಷ್ಟು ದಂಡ ಎಂದೂ ಆ ಸೆಕ್ಷನ್ ಹೇಳುವುದಿಲ್ಲ. ಪೊಲೀಸ್ ಠಾಣೆಗೆ ಹೋಗುತ್ತೇನೆ ಎಂದು ಜಗಳಕ್ಕೆ ನಿಂತವರನ್ನು ನಾನು ಕಂಡಿದ್ದೇನೆ. ಅವರ ಕೈಯಲ್ಲಿ ನೋಟು ಹಾಗೆಯೇ ಉಳಿಯಿತು.

2014ರಲ್ಲಿಯೂ ಇದೇ ಗೊಂದಲವಾಗಿತ್ತು. 2005ಕ್ಕಿಂತ ಮೊದಲಿನ ನೋಟುಗಳನ್ನು ಹಿಂದಕ್ಕೆ ಪಡೆದಾಗ ನಾನು ಕೌಂಟರಿನಲ್ಲಿದ್ದೆ. ಪ್ರತಿಯೊಂದನ್ನೂ ಮಗುಚಿ, ಹಿಂಬದಿಯ ಕೆಳ ಅಂಚಿನ ನಡುವೆ ಇಸವಿ ಇದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದೆವು. ಇಸವಿ ಇಲ್ಲದಿದ್ದರೆ ಹಳೆಯದು. ಅವಕ್ಕೂ ಮಾನ್ಯತೆ ಇತ್ತು, ಆದರೂ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರು ಅವನ್ನು ಹಿಡಿದುಕೊಂಡು ಅಳುಮುಖದಲ್ಲಿ ಬರುತ್ತಿದ್ದರು. ಯಾರೋ ಹೆದರಿಸಿ ಕಡಿಮೆಗೆ ಕೇಳಿರುತ್ತಿದ್ದರು.

ಆದ್ದರಿಂದ ಕೈಮುಗಿದು ಹೇಳುತ್ತೇನೆ, ಒಂದೂವರೆ ಸಾವಿರಕ್ಕೆ ಕೊಡಬೇಡಿ. ಏಳು ನೋಟಿಗೆ ಮೂರೂವರೆ ಸಾವಿರ ನಷ್ಟ. ಅದು ನಿಮ್ಮ ತಂದೆ ದುಡಿದ ಹಣ.

ಬ್ಯಾಂಕಿನವರು ಹೇಳಿದ್ದು ಮಾತ್ರ ಸರಿ. ಅವರಿಗಿದ್ದ ಗಡುವು 2023ರ ಸೆಪ್ಟೆಂಬರ್ 30. ಆಮೇಲೆ ಅಕ್ಟೋಬರ್ 7ರವರೆಗೆ ವಿಸ್ತರಿಸಿದರು. ಈಗ ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಮಾತ್ರ ತೆಗೆದುಕೊಳ್ಳುತ್ತಾರೆ. ಕರ್ನಾಟಕದಲ್ಲಿ ಇರುವುದು ಬೆಂಗಳೂರಿನ ಒಂದೇ ಕಚೇರಿ.

ಬೆಂಗಳೂರಿನವರು:
ನೃಪತುಂಗ ರಸ್ತೆಯ ಆ ಕಚೇರಿಗೆ ನಾನು ಅತ್ತೆಯವರ ಜೊತೆ ಹೋಗಿದ್ದೆ. ಗುರುತಿನ ಚೀಟಿ ಬೇಕು, ಅರ್ಜಿ ತುಂಬಬೇಕು. ಬದಲಿ ನೋಟು ಬೇಕಾದರೆ ಒಂದು ಸಲಕ್ಕೆ 20,000 ರೂಪಾಯಿಯ ಮಿತಿ. ನಿಮ್ಮದು ಅದರೊಳಗೇ ಇದೆ. ಬೇಡವಾದರೆ ಖಾತೆಗೆ ಜಮಾ ಮಾಡಿಸಬಹುದು. ಕುಡಿಯಲು ನೀರು ಇಟ್ಟುಕೊಳ್ಳಿ, ಸಾಲಿನಲ್ಲಿ ನಿಲ್ಲುವ ದಿನ ಅದೇ ದೊಡ್ಡ ಉಪಕಾರ.

ಶಾಲಾ ಶಿಕ್ಷಕಿ, ಕಾರವಾರ:
ಶಿರಸಿಯಿಂದ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಯಾವ ಅಂಚೆ ಕಚೇರಿಯಿಂದಲಾದರೂ ಕಳುಹಿಸಬಹುದು. ನಾನು ಮೂರು ನೋಟು ಕಳುಹಿಸಿದ್ದೇನೆ. ತುಂಬಿದ ಅರ್ಜಿ, ಗುರುತಿನ ಚೀಟಿಯ ನಕಲು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ನಕಲು ಜೊತೆಗಿಟ್ಟೆ. ಸಾದಾ ಅಂಚೆಯಲ್ಲಿ ಹಾಕಬೇಡಿ, ಪೂರ್ತಿ ಮೊತ್ತಕ್ಕೆ ವಿಮೆ ಮಾಡಿಸಿ. ಲಕೋಟೆ ಮುಚ್ಚುವ ಮೊದಲು ಪ್ರತಿ ನೋಟಿನ ಸಂಖ್ಯೆ ಬರೆದುಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟೆ. ಹಣ ಖಾತೆಗೆ ಬರುವವರೆಗೆ ರಸೀದಿಯನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದೆ. ಪೂರ್ತಿ ಆರು ಸಾವಿರವೂ ಬಂತು. ರಾತ್ರಿ ನಿದ್ದೆ ಬಂದದ್ದು ಅಂದೇ.

ಇಂಗ್ಲೆಂಡಿನಲ್ಲಿರುವ ಹಾಸನದವರು:
ಇಲ್ಲಿಯ ಕ್ರಮ ಬೇರೆ. ಕಾಗದದ ಇಪ್ಪತ್ತು, ಐವತ್ತು ಪೌಂಡಿನ ನೋಟುಗಳ ಮಾನ್ಯತೆ 2022ರ ಸೆಪ್ಟೆಂಬರ್ 30ಕ್ಕೇ ಮುಗಿಯಿತು, ಅಂಗಡಿಗಳಲ್ಲಿ ಕೇಳುವಂತೆಯೇ ಇಲ್ಲ. ಆದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನು ಮುದ್ರಿಸಿದ ಹಳೆಯ ನೋಟುಗಳನ್ನು ಯಾವ ಗಡುವೂ ಇಲ್ಲದೆ ಬದಲಿಸಿಕೊಡುತ್ತದೆ. ಪ್ರವಾಸ ಮುಗಿಸಿ ಊರಿಗೆ ಮರಳಿದವರ ಬಳಿ ಅಂಥ ನೋಟು ಇದ್ದರೆ ಎಸೆಯಬೇಡಿ.

ಕೇಳಿದವರು, ಶಿರಸಿ:
ಎಲ್ಲರಿಗೂ ಹೃದಯದಿಂದ ವಂದನೆ. ಔಷಧಿ ಅಂಗಡಿಯವರ ಮೇಲಿದ್ದ ಸಿಟ್ಟು ಇಳಿಯಿತು. ಸೋಮವಾರ ಅಂಚೆ ಕಚೇರಿಗೆ ಹೋಗುತ್ತೇನೆ. ಇನ್ನೊಂದು ಸಂದೇಹ. ಒಂದು ನೋಟಿನ ಬಿಳಿ ಭಾಗದಲ್ಲಿ ಅಪ್ಪ ಪೆನ್ಸಿಲಿನಿಂದ ಏನೋ ಕೂಡಿಸಿದ ಲೆಕ್ಕ ಬರೆದಿದ್ದಾರೆ. ಅದು ನಡೆಯುತ್ತದೆಯೇ?

ನಿವೃತ್ತ ಕ್ಯಾಷಿಯರ್, ಮೈಸೂರು:
ನಡೆಯುತ್ತದೆ. ಲೆಕ್ಕ ಗೀಚಿದ ಮಾತ್ರಕ್ಕೆ ನೋಟು ಅಮಾನ್ಯವಾಗುವುದಿಲ್ಲ. ಅಳಿಸಲು ಹೋಗಬೇಡಿ, ರಬ್ಬರಿಗೆ ಕಾಗದ ಸವೆದು ಹರಿದೀತು. ಆ ಬರಹ ನಿಮಗೆ ಬೇಕೆನಿಸಿದರೆ ಕಳುಹಿಸುವ ಮೊದಲು ಅದರದ್ದೊಂದು ಚಿತ್ರ ತೆಗೆದಿಟ್ಟುಕೊಳ್ಳಿ.