ಬಿ.ಎಸ್ಸಿ. ಕೃಷಿ ಮುಗಿದಿದೆ, ಡೇಟಾ ಸೈನ್ಸ್‌ಗೆ ಬರಬೇಕು: ಕೋರ್ಸ್, ಪ್ರಾಜೆಕ್ಟ್, ಗಣಿತದ ಬಗ್ಗೆ ಸಲಹೆ ಕೊಡಿ

ಕರಿಮಣ್ಣು:

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಕೃಷಿ ಈ ವರ್ಷ ಮುಗಿಯಿತು. ಪಿಯುಸಿಯಲ್ಲಿ ಪಿಸಿಎಂಬಿ ಇತ್ತು. ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಂತ ಕಲಿತಿದ್ದು ಆರ್‌ಬಿಡಿ (ಹೊಲವನ್ನು ಬ್ಲಾಕ್‌ಗಳಾಗಿ ಒಡೆದು ಮಾಡೋ ಪ್ರಯೋಗ), ಅನೋವಾ ಟೇಬಲ್ (ಗುಂಪುಗಳ ಸರಾಸರಿ ನಿಜಕ್ಕೂ ಬೇರೆಯಾ ಅಂತ ನೋಡೋ ಲೆಕ್ಕ), ಸಿ.ಡಿ. (ಎರಡು ಸರಾಸರಿ ಬೇರೆ ಅನ್ನೋಕೆ ಬೇಕಾದ ಕನಿಷ್ಠ ವ್ಯತ್ಯಾಸ) ಲೆಕ್ಕ ಇಷ್ಟೇ. ಎಕ್ಸೆಲ್ ಬರುತ್ತೆ, ಪೈಥಾನ್‌ನಲ್ಲಿ ಟೇಬಲ್ ಡೇಟಾ ನಿಭಾಯಿಸೋ ಪಾಂಡಾಸ್ ಲೈಬ್ರರಿ ಸ್ವಲ್ಪ ಬರುತ್ತೆ. ನನ್ನ ಪ್ರಶ್ನೆಗಳು:

ಬೆಂಗಳೂರಿನ ಒಂದು ಟ್ರೇನಿಂಗ್ ಸಂಸ್ಥೆ ಆರು ತಿಂಗಳ ಕೋರ್ಸ್‌ಗೆ 2.5 ಲಕ್ಷ ಕೇಳ್ತಿದೆ. ಸಾಲ ಅವರೇ ಮಾಡಿಸಿಕೊಡ್ತಾರಂತೆ. ಸೇರಬಹುದಾ?

ಶಿವಮೊಗ್ಗ ಎಪಿಎಂಸಿಯ ಅಡಿಕೆ ಬೆಲೆ ತಗೊಂಡು ನಾಳೆಯ ಬೆಲೆ ಹೇಳೋ ಒಂದು ಮಾಡೆಲ್ ಮಾಡಿದ್ದೀನಿ. ಆರ್-ಸ್ಕ್ವೇರ್ (ಊಹೆ ನಿಜಕ್ಕೆ ಎಷ್ಟು ಹೊಂದುತ್ತೆ ಅನ್ನೋ ಅಂಕಿ, ಗರಿಷ್ಠ 1) 0.98 ಬಂದಿದೆ. ರೆಸ್ಯೂಮೆಗೆ ಇದು ಸಾಕಾ?

ಗಣಿತ ಎಷ್ಟು ಬೇಕು? ಇನ್ನೊಂದು ಡಿಗ್ರಿ ಮಾಡಲೇಬೇಕಾ?

ತಿಳಿದವರು ದಯವಿಟ್ಟು ಹೇಳಿ.

---

ಎಡಗಡೆ_ಕಾಲಂ:

ಮೊದಲು ಸಾಲದ ವಿಷಯ, ಯಾಕೆಂದರೆ ಅಲ್ಲಿ ತಪ್ಪಿದರೆ ತಿದ್ದಿಕೊಳ್ಳೋದು ಕಷ್ಟ. 2.5 ಲಕ್ಷವನ್ನು ಬಡ್ಡಿಯಿಲ್ಲದೆ 12 ಕಂತು ಮಾಡಿದರೂ ತಿಂಗಳಿಗೆ 20,833 ರೂಪಾಯಿ. ಕೆಲಸ ಸಿಗಲಿ ಬಿಡಲಿ, ಕಂತು ಕಟ್ಟಲೇಬೇಕು. ಇಂಥ ಸಾಲವನ್ನು ಸಾಮಾನ್ಯವಾಗಿ ಸಂಸ್ಥೆ ಕೊಡೋದಿಲ್ಲ, ಬೇರೊಂದು ಫೈನಾನ್ಸ್ ಕಂಪನಿ ನಿಮ್ಮ ಅಥವಾ ನಿಮ್ಮ ತಂದೆಯವರ ಹೆಸರಲ್ಲಿ ಕೊಡುತ್ತೆ. ನೀವು ನಡುವೆ ಬಿಟ್ಟರೂ, ಸಂಸ್ಥೆಯೇ ಬಾಗಿಲು ಹಾಕಿದರೂ ಫೈನಾನ್ಸ್‌ನವರಿಗೆ ಸಂಬಂಧವಿಲ್ಲ. ಒಂದು ಕಂತು ತಪ್ಪಿದರೂ ಸಿಬಿಲ್ ಸ್ಕೋರ್‌ಗೆ ಹೊಡೆತ. "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಅಂದರೆ ನಿಮ್ಮ ರೆಸ್ಯೂಮೆ ನಾಲ್ಕು ಕಡೆ ಕಳಿಸ್ತಾರೆ, ಅಷ್ಟೇ. ಕೆಲಸ ಸಿಗದಿದ್ದರೆ ಎಷ್ಟು ಹಣ, ಎಷ್ಟು ದಿನದಲ್ಲಿ ವಾಪಸ್ ಅಂತ ಬರೆದು ಕೊಡಿ ಅನ್ನಿ. ಬರೆದು ಕೊಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಅವರು ಕಲಿಸೋದೆಲ್ಲ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಇದೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಶುಲ್ಕ.

ಕಲಿಯೋ ಕ್ರಮದಲ್ಲಿ ಬಹಳ ಜನ ಮಾಡೋ ತಪ್ಪು, ನೇರ ಮಷೀನ್ ಲರ್ನಿಂಗ್‌ಗೆ ಹಾರೋದು. ಬೇರೆ ಡಿಗ್ರಿಯವರಿಗೆ ಮೊದಲು ಸಿಗೋ ಕೆಲಸ ಹೆಚ್ಚಾಗಿ ಡೇಟಾ ಅನಲಿಸ್ಟ್, ಎಂಐಎಸ್, ರಿಪೋರ್ಟಿಂಗ್ ಕಡೆಯದು. ಅಲ್ಲಿ ಮೊದಲ ಸುತ್ತಿನ ಪರೀಕ್ಷೆ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ತೆಗೆಯೋ ಭಾಷೆ. ದಿನಕ್ಕೆ ಎರಡು ಗಂಟೆ ಅಂತ ಇಟ್ಟುಕೊಂಡರೆ ಎಸ್‌ಕ್ಯೂಎಲ್‌ಗೆ ಆರು ವಾರ, ಪಾಂಡಾಸ್‌ಗೆ ಆರು ವಾರ, ಸ್ಟ್ಯಾಟಿಸ್ಟಿಕ್ಸ್ ಮರುಕಲಿಕೆಗೆ ನಾಲ್ಕು, ಒಂದೇ ಒಂದು ಪ್ರಾಜೆಕ್ಟ್‌ಗೆ ಎಂಟು. ಹತ್ತು ಪ್ರಾಜೆಕ್ಟ್ ಬೇಡ.

ಎಸ್‌ಕ್ಯೂಎಲ್‌ನಲ್ಲಿ ಸೆಲೆಕ್ಟ್, ಗ್ರೂಪ್ ಬೈ ಎಲ್ಲರಿಗೂ ಬರುತ್ತೆ. ಕೈ ಕೊಡೋದು ಜಾಯಿನ್, ಅಂದರೆ ಎರಡು ಟೇಬಲ್ ಜೋಡಿಸೋದು. ಉದಾಹರಣೆಗೆ ಒಂದು ಟೇಬಲ್‌ನಲ್ಲಿ ಎಲ್ಲ ಮಾರುಕಟ್ಟೆಗಳ ಹೆಸರು, ಇನ್ನೊಂದರಲ್ಲಿ ದಿನದ ಬೆಲೆ. ಇವತ್ತು ಯಾವ ಮಾರುಕಟ್ಟೆ ಬೆಲೆ ಕಳಿಸಿಲ್ಲ ಅಂತ ನೋಡೋಕೆ ಲೆಫ್ಟ್ ಜಾಯಿನ್ (ಮೊದಲ ಟೇಬಲ್‌ನ ಎಲ್ಲ ಸಾಲೂ ಉಳಿಯೋ ಜೋಡಣೆ) ಹಾಕ್ತೀರಿ. ಆದರೆ ದಿನಾಂಕದ ಷರತ್ತನ್ನು ಜೋಡಿಸಿದ ಮೇಲೆ ಸಾಲು ಸೋಸೋ ವೇರ್‌ನಲ್ಲಿ ಬರೆದರೆ, ಬೆಲೆ ಇಲ್ಲದ ಸಾಲುಗಳಲ್ಲಿ ದಿನಾಂಕ ನಲ್ (ಖಾಲಿ) ಆಗಿರುತ್ತಲ್ಲ, ಅವೆಲ್ಲ ಉದುರಿಹೋಗುತ್ತವೆ. ನೀವು ಹುಡುಕ್ತಿದ್ದ ಮಾರುಕಟ್ಟೆಗಳೇ ಮಾಯ! ಷರತ್ತು ಟೇಬಲ್ ಜೋಡಿಸೋ ಆನ್ ಭಾಗದಲ್ಲಿರಬೇಕು, ಆಮೇಲೆ ವೇರ್‌ನಲ್ಲಿ ಬೆಲೆ ನಲ್ ಇರೋ ಸಾಲು ಮಾತ್ರ ಕೇಳಬೇಕು. ಹಾಗೇ, ಜಾಯಿನ್ ಮಾಡೋ ಮುಂಚೆ ಮತ್ತು ಆದ ಮೇಲೆ ಸಾಲುಗಳ ಸಂಖ್ಯೆ ನೋಡೋ ಅಭ್ಯಾಸ ಮಾಡಿಕೊಳ್ಳಿ. ಕೀ (ಜೋಡಿಸೋಕೆ ಬಳಸೋ ಕಾಲಂನ ಮೌಲ್ಯ) ಎರಡು ಸಲ ಬಂದಿದ್ದರೆ ಆವಕದ ಮೊತ್ತ ಸದ್ದಿಲ್ಲದೆ ಎರಡರಷ್ಟಾಗುತ್ತೆ. ರೋ ನಂಬರ್, ಲ್ಯಾಗ್, ಡೆನ್ಸ್ ರ‍್ಯಾಂಕ್ ಈ ಮೂರು ವಿಂಡೋ ಫಂಕ್ಷನ್‌ಗಳನ್ನು (ಬೇರೆ ಸಾಲುಗಳನ್ನೂ ನೋಡಿ ಲೆಕ್ಕ ಮಾಡೋವು) ನೋಡದೆ ಬರೆಯೋ ಹಾಗೆ ಆಗಬೇಕು.

---

ತೋಟದ_ಲೆಕ್ಕ:

ಅಡಿಕೆ ಮಾಡೆಲ್ ಬಗ್ಗೆ ಹೇಳುತ್ತೇನೆ. 0.98 ನೋಡಿ ಖುಷಿಪಡಬೇಡಿ, ಇಂಟರ್‌ವ್ಯೂನಲ್ಲಿ ಮೊದಲು ಅನುಮಾನ ಬರುವುದೇ ಆ ಅಂಕಿಯ ಮೇಲೆ.

ಬೆಲೆ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ನಿನ್ನೆಯ ಬೆಲೆಯನ್ನೇ ಇವತ್ತಿನದು ಎಂದು ಹೇಳಿದರೂ ಆರ್-ಸ್ಕ್ವೇರ್ 0.95ರ ಮೇಲೆ ಬರಬಹುದು, ಏಕೆಂದರೆ ಅದು ಹೋಲಿಸುವುದು ಇಡೀ ಅವಧಿಯ ಸರಾಸರಿಯೊಂದಿಗೆ. ಆದ್ದರಿಂದ ಮೊದಲು "ನಿನ್ನೆಯದೇ ಇವತ್ತು" ಎನ್ನುವ ಲೆಕ್ಕದ ಸರಾಸರಿ ತಪ್ಪು ಎಷ್ಟು ರೂಪಾಯಿ ಎಂದು ತೆಗೆಯಿರಿ. ನಿಮ್ಮ ಮಾಡೆಲ್‌ನದೂ ರೂಪಾಯಿಯಲ್ಲೇ ತೆಗೆದು ಪಕ್ಕದಲ್ಲಿಡಿ. ಅದನ್ನು ಸೋಲಿಸದಿದ್ದರೆ ಮಾಡೆಲ್ ಏನೂ ಕಲಿತಿಲ್ಲ.

ಡೇಟಾವನ್ನು ಟ್ರೈನ್-ಟೆಸ್ಟ್ (ಕಲಿಕೆಗೆ, ಪರೀಕ್ಷೆಗೆ) ಎಂದು ಹೇಗೆ ಒಡೆದಿರಿ? ಸೈಕಿಟ್-ಲರ್ನ್ ಲೈಬ್ರರಿಯ ಟ್ರೈನ್ ಟೆಸ್ಟ್ ಸ್ಪ್ಲಿಟ್ ಅನ್ನು ಹಾಗೇ ಬಳಸಿದ್ದರೆ ಅದು ಸಾಲುಗಳನ್ನು ಕಲಸಿಬಿಡುತ್ತದೆ. ಸೋಮವಾರ ಮತ್ತು ಬುಧವಾರದ ಬೆಲೆ ನೋಡಿ ಮಂಗಳವಾರದ್ದು ಹೇಳಿದ ಹಾಗೆ. ದಿನಾಂಕದ ಪ್ರಕಾರ ಕತ್ತರಿಸಿ: ಒಂದು ದಿನದವರೆಗೆ ಕಲಿಕೆ, ನಂತರದ್ದೆಲ್ಲ ಪರೀಕ್ಷೆಗೆ. ಏಳು ದಿನದ ಚಲಿಸುವ ಸರಾಸರಿ ಹಾಕಿದ್ದರೆ ಅದನ್ನೂ ನೋಡಿ. ಆ ಸರಾಸರಿ (ರೋಲಿಂಗ್) ತೆಗೆಯುವ ಮೊದಲು ಬೆಲೆಯ ಕಾಲಂ ಅನ್ನು ಒಂದು ದಿನ ಶಿಫ್ಟ್ ಮಾಡಿರಬೇಕು. ಇಲ್ಲದಿದ್ದರೆ ಯಾವ ಬೆಲೆಯನ್ನು ಊಹಿಸಬೇಕೋ ಅದೇ ಸರಾಸರಿಯೊಳಗೆ ಸೇರಿಕೊಂಡಿರುತ್ತದೆ.

ಇವೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತವೆ. ಮುಖ್ಯವಾದದ್ದು ಮುಂದಿನದು, ನಿಮ್ಮ ಡಿಗ್ರಿ ಕೆಲಸಕ್ಕೆ ಬರುವುದೂ ಅಲ್ಲೇ. ಶಿವಮೊಗ್ಗದಲ್ಲಿ ಅಡಿಕೆ ಎಂಬ ಒಂದು ವಸ್ತು ಇಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆಯಾಗಿ ಹರಾಜಾಗುತ್ತವೆ. ಸರಕಿನ ಬೆಲೆ ಎಲ್ಲಿ, ಗೊರಬಲಿನ ಬೆಲೆ ಎಲ್ಲಿ! ಗೊರಬಲು ಕ್ವಿಂಟಲ್‌ಗೆ 30,000, ಸರಕು 80,000 ಎಂದು ಇಟ್ಟುಕೊಳ್ಳಿ. ಸೋಮವಾರ ಗೊರಬಲು 90 ಕ್ವಿಂಟಲ್, ಸರಕು 10 ಕ್ವಿಂಟಲ್ ಬಂತು. ತೂಕದ ಸರಾಸರಿ 35,000. ಮಂಗಳವಾರ ಎರಡೂ 50 ಕ್ವಿಂಟಲ್ ಬಂತು, ಸರಾಸರಿ 55,000. ಎರಡರ ಬೆಲೆಯೂ ಒಂದು ರೂಪಾಯಿ ಅಲುಗಿಲ್ಲ, ನಿಮ್ಮ ಗ್ರಾಫ್‌ನಲ್ಲಿ ಮಾತ್ರ 20,000 ಜಿಗಿತ. ಎಲ್ಲ ಬಗೆ ಸೇರಿಸಿ ಸರಾಸರಿ ಮಾಡಿದ್ದರೆ ನಿಮ್ಮ ಮಾಡೆಲ್ ಊಹಿಸುತ್ತಿರುವುದು ಬೆಲೆಯನ್ನಲ್ಲ, ಯಾವ ದಿನ ಯಾವ ಮಾಲು ಬಂತು ಎನ್ನುವುದನ್ನು. ಒಂದು ಬಗೆ ಹಿಡಿಯಿರಿ, ರಾಶಿ ಸಾಕು.

ಕೇಂದ್ರದ ಬೆಲೆ ತಾಣ ಆಗ್‌ಮಾರ್ಕ್‌ನೆಟ್ ಆಗಲಿ, ರಾಜ್ಯದ ಕೃಷಿ ಮಾರಾಟ ವಾಹಿನಿ ಆಗಲಿ, ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ ಬೆಲೆ) ಎಂದು ಮೂರು ಬೆಲೆ ಕೊಡುತ್ತವೆ. ಮಾದರಿ ಬೆಲೆ ಕನಿಷ್ಠ-ಗರಿಷ್ಠದ ನಡುವೆ ಇರಲೇಬೇಕು. ಇಲ್ಲದ ಸಾಲುಗಳನ್ನು ಬೇರೆ ತೆಗೆದು ಎಷ್ಟಿವೆ ಎಂದು ಬರೆಯಿರಿ. ಒಂದು ಸೊನ್ನೆ ಹೆಚ್ಚು ಬಿದ್ದದ್ದು, ಒಂದೇ ಮಾರುಕಟ್ಟೆಯ ಹೆಸರು ಎರಡು ಕಾಗುಣಿತದಲ್ಲಿ ಇರುವುದು, ಇವನ್ನೂ ಹುಡುಕಿ. ಮಾರುಕಟ್ಟೆಗೆ ರಜೆ ಇದ್ದ ದಿನವೂ ವರದಿ ಬಾರದ ದಿನವೂ ಒಂದೇ ಥರ ಖಾಲಿ ಕಾಣುತ್ತವೆ. ಖಾಲಿ ಜಾಗಕ್ಕೆ ಹಿಂದಿನ ಬೆಲೆ ತುಂಬಿಸಿದರೆ "ನಿನ್ನೆಯದೇ ಇವತ್ತು" ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ಎಚ್ಚರ.

---

ಪ್ಲಾಟ್_ನಂಬರ್_12:

ಗಣಿತದ ಪ್ರಶ್ನೆಗೆ. ಡೇಟಾ ಸೈನ್ಸ್‌ಗೆ ಕೃಷಿ "ಸಂಬಂಧವಿಲ್ಲದ ಡಿಗ್ರಿ" ಅನ್ನೋ ಮಾತನ್ನು ಕೃಷಿ ಪದವೀಧರರು ಒಪ್ಪಿಕೊಳ್ಳಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ಮೇಲೆ ಅಲ್ಲಿನ ಹೊಲದ ಪ್ರಯೋಗಗಳ ಲೆಕ್ಕಕ್ಕಾಗಿಯೇ ಅನೋವಾ ಬೆಳೆಸಿದ್ದು. ಮಷೀನ್ ಲರ್ನಿಂಗ್ ಕಲಿಯೋರು ಮೊದಲ ದಿನ ತೆರೆಯೋ ಐರಿಸ್ ಡೇಟಾ, ಮೂರು ಜಾತಿಯ ಹೂವು, ತಲಾ 50 ಗಿಡ, ಅದೂ 1936ರ ಅವರ ಲೇಖನದಿಂದ ಬಂದದ್ದು.

ನೀವು ಕಲಿತ ಆರ್‌ಬಿಡಿಯೇ ಐಟಿ ಕಂಪನಿಗಳಲ್ಲಿ ಎ/ಬಿ ಟೆಸ್ಟಿಂಗ್ (ಎರಡು ರೂಪವನ್ನು ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸೋದು) ಅನ್ನೋ ಹೆಸರಲ್ಲಿ ನಡೀತಿರೋದು. ಟ್ರೀಟ್‌ಮೆಂಟ್ ಅಂದರೆ ಆ್ಯಪ್‌ನ ಹೊಸ ಪರದೆ, ಪ್ಲಾಟ್ ಅಂದರೆ ಬಳಕೆದಾರ, ಬ್ಲಾಕ್ ಅಂದರೆ ಊರು ಅಥವಾ ಫೋನಿನ ಬಗೆ. ಒಂದೇ ಪ್ಲಾಟ್‌ನಿಂದ ಐದು ಗಿಡ ಅಳೆದರೆ ಅದು ಐದು ರೆಪ್ಲಿಕೇಷನ್ ಆಗಲ್ಲ ಅಂತ ನಿಮ್ಮ ಮೇಷ್ಟ್ರು ಬೈದಿರ್ತಾರೆ. ಅದೇ ತಪ್ಪು ಇಲ್ಲೂ ಆಗುತ್ತೆ: ಒಬ್ಬರೇ ಹತ್ತು ಸಲ ಕ್ಲಿಕ್ ಮಾಡಿದ್ದನ್ನ ಹತ್ತು ಜನ ಅಂತ ಎಣಿಸಿ, ವ್ಯತ್ಯಾಸ ಸಿಗ್ನಿಫಿಕೆಂಟ್ (ಆಕಸ್ಮಿಕವಲ್ಲ) ಅಂದುಬಿಡ್ತಾರೆ. ಇಂಟರ್‌ವ್ಯೂನಲ್ಲಿ ಇದನ್ನ ಹೊಲದ ಭಾಷೆಯಲ್ಲೇ ವಿವರಿಸಿ, ಚೆನ್ನಾಗಿ ನಿಲ್ಲುತ್ತೆ.

ಹೊಸದಾಗಿ ಬೇಕಾಗೋದು: ಮ್ಯಾಟ್ರಿಕ್ಸ್ ಗುಣಾಕಾರ, ಪಾರ್ಷಿಯಲ್ ಡೆರಿವೇಟಿವ್, ಕಂಡೀಷನಲ್ ಪ್ರಾಬಬಿಲಿಟಿ ಮತ್ತು ಬೇಯ್ಸ್ ಸೂತ್ರ. ಲಾಜಿಸ್ಟಿಕ್ ರಿಗ್ರೆಷನ್‌ನ (ಹೌದು-ಇಲ್ಲ ಊಹಿಸೋ ಮಾಡೆಲ್) ಗ್ರೇಡಿಯೆಂಟ್ ಅನ್ನು ಕಾಗದದ ಮೇಲೆ ಒಂದು ಸಲ ಬಿಡಿಸಿ, ಆಮೇಲೆ ರೆಡಿ ಮಾಡೆಲ್ ಲೈಬ್ರರಿ ಇಲ್ಲದೆ, ಪೈಥಾನ್‌ನಲ್ಲಿ ಅಂಕಿಗಳ ಲೆಕ್ಕಕ್ಕಿರೋ ನಂಪೈನಲ್ಲಿ ಬರೆಯಿರಿ. ಅಷ್ಟು ಬಂದರೆ ಅನಲಿಸ್ಟ್ ಕೆಲಸಕ್ಕೆ ಧಾರಾಳವಾಯ್ತು.

ಇನ್ನೊಂದು ಡಿಗ್ರಿ ಕಡ್ಡಾಯವಲ್ಲ. ಮಾಡೋದಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ನೋಡಿ, ದೆಹಲಿಯ ಐಎಎಸ್‌ಆರ್‌ಐ (ಭಾರತೀಯ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆ) ಕೂಡ ಇದೇ ವಿಷಯಕ್ಕೆ ಹೆಸರಾದದ್ದು. ಕೆಲಸದ ಜೊತೆಗೆ ಓದೋದಾದರೆ ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಆನ್‌ಲೈನ್ ಬಿ.ಎಸ್. ಡಿಗ್ರಿ ಇದೆ. ಜೆಇಇ ಬೇಕಿಲ್ಲ, ನಾಲ್ಕು ವಾರದ ಪಾಠ ಮುಗಿಸಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪೂರ್ತಿ ಮಾಡದೆ ಫೌಂಡೇಷನ್ ಅಥವಾ ಡಿಪ್ಲೊಮಾ ಹಂತದಲ್ಲೂ ಸರ್ಟಿಫಿಕೇಟ್ ತಗೊಂಡು ಹೊರಗೆ ಬರಬಹುದು.

---

ಕರಿಮಣ್ಣು:

ಎಲ್ಲರಿಗೂ ತುಂಬಾ ಧನ್ಯವಾದ. ಸಂಸ್ಥೆಯವರಿಗೆ ಬೇಡ ಅಂದೆ. ತೋಟದ_ಲೆಕ್ಕ ಅವರು ಹೇಳಿದ ಹಾಗೆ ರಾಶಿ ಮಾತ್ರ ತಗೊಂಡು, ದಿನಾಂಕದ ಪ್ರಕಾರ ಒಡೆದು ಮತ್ತೆ ಮಾಡಿದೆ. "ನಿನ್ನೆಯದೇ ಇವತ್ತು" ಲೆಕ್ಕದ ಸರಾಸರಿ ತಪ್ಪು 388 ರೂ., ನನ್ನ ಮಾಡೆಲ್‌ದು 402 ರೂ. ಅಂದರೆ ಸೋತಿದೆ. ಈ ಪ್ರಾಜೆಕ್ಟ್ ಬಿಟ್ಟು ಬೇರೆ ಹಿಡಿಯಲಾ?

---

ತೋಟದ_ಲೆಕ್ಕ:

ಬಿಡಬೇಡಿ. ಈ ಎರಡು ಅಂಕಿಗಳನ್ನು ಪ್ರಾಜೆಕ್ಟ್ ಪುಟದ ಮೊದಲ ಪ್ಯಾರಾದಲ್ಲೇ ಬರೆಯಿರಿ. ಬದಲಾಯಿಸಬೇಕಾದ್ದು ಪ್ರಶ್ನೆ. ನಾಳೆಯ ಬೆಲೆ ಬೆಳೆಗಾರರಿಗೆ ಬೇಕಿಲ್ಲ, ಒಣಗಿಸಿದ ಅಡಿಕೆಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ನಾಲ್ಕು ವಾರದ ನಂತರ ಬೆಲೆ ಯಾವ ಅಂತರದೊಳಗೆ ಇರಬಹುದು ಎಂದು ಕೇಳಿ. ಕ್ವಾಂಟೈಲ್ ರಿಗ್ರೆಷನ್‌ನಲ್ಲಿ (ಸರಾಸರಿಯ ಬದಲು ಕೆಳಗಿನ, ಮೇಲಿನ ಮಿತಿ ಊಹಿಸುವ ವಿಧಾನ) 10 ಮತ್ತು 90ನೇ ಶೇಕಡಾಂಶ ತೆಗೆಯಿರಿ. ಪರೀಕ್ಷೆಯ ಅವಧಿಯಲ್ಲಿ ನೂರಕ್ಕೆ ಸುಮಾರು 80 ದಿನ ನಿಜವಾದ ಬೆಲೆ ಆ ಅಂತರದೊಳಗೆ ಬಿದ್ದರೆ ಅದು ನಂಬಬಹುದಾದ ಮಾಡೆಲ್. 55 ದಿನ ಮಾತ್ರ ಬಿದ್ದರೆ ಅಂತರ ತೀರಾ ಕಿರಿದಾಗಿದೆ ಎಂದರ್ಥ. ಇಲ್ಲೂ ಒಂದು ಎಚ್ಚರ: ನಾಲ್ಕು ವಾರ ಮುಂದಿನದನ್ನು ಹೇಳುವಾಗ ಫೀಚರ್‌ಗಳೆಲ್ಲ (ಮಾಡೆಲ್‌ಗೆ ಕೊಡುವ ಮಾಹಿತಿ) ನಾಲ್ಕು ವಾರ ಹಿಂದಿನವೇ ಆಗಿರಬೇಕು. ಕಲಿಕೆಯ ಅವಧಿ ಮುಗಿದು ಪರೀಕ್ಷೆ ಶುರುವಾಗುವ ನಡುವೆಯೂ ನಾಲ್ಕು ವಾರ ಬಿಡಿ.

---

ಮೋಡದ_ಕೆಳಗೆ:

ತಡವಾಗಿ ಬಂದೆ, ಎರಡು ಮಾತು ಸೇರಿಸ್ತೀನಿ. ದೊಡ್ಡ ಐಟಿ ಕಂಪನಿಗಳ ಅರ್ಜಿಯಲ್ಲಿ ಬಿ.ಇ., ಎಂಸಿಎ ಅಂತ ಜರಡಿ ಇರುತ್ತೆ, ಕೃಷಿ ಡಿಗ್ರಿ ಅಲ್ಲೇ ನಿಂತುಬಿಡುತ್ತೆ. ಅಲ್ಲಿ ಶಕ್ತಿ ಕಳೆಯಬೇಡಿ. ಬೆಳೆ ವಿಮೆ, ಬ್ಯಾಂಕಿನ ಕೃಷಿ ಸಾಲ, ಬೀಜ ಕಂಪನಿ, ಉಪಗ್ರಹ ಚಿತ್ರ ನೋಡಿ ಬೆಳೆ ಅಂದಾಜು ಮಾಡೋರು, ಇಲ್ಲಿ ನಿಮ್ಮ ಡಿಗ್ರಿಯೇ ಬಾಗಿಲು ತೆಗೆಯುತ್ತೆ. ಫಸಲ್ ಬಿಮಾದಲ್ಲಿ ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿ ಇಳುವರಿ ತೆಗೆದು, ಅದನ್ನು ಪರಿಹಾರ ಮಟ್ಟದಿಂದ ಗುಣಿಸಿ ಥ್ರೆಶೋಲ್ಡ್ (ಇಳುವರಿ ಇದಕ್ಕಿಂತ ಇಳಿದರೆ ಪರಿಹಾರ) ಹಾಕ್ತಾರೆ. ಇದು ಗೊತ್ತಿರೋ, ಎಸ್‌ಕ್ಯೂಎಲ್ಲೂ ಬರೋ ಹುಡುಗ-ಹುಡುಗಿಯರು ಕಡಿಮೆ.

ಉಪಗ್ರಹದ ಕಡೆ ಬರೋದಾದರೆ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಹಿಡಿಯಿರಿ. 10 ಮೀಟರ್ ವಿವರ, ಐದು ದಿನಕ್ಕೊಮ್ಮೆ ಚಿತ್ರ, ಎನ್‌ಡಿವಿಐಗೆ (ಹಸಿರು ಎಷ್ಟಿದೆ ಅಂತ ಹೇಳೋ ಅಂಕಿ: ಎರಡು ಬ್ಯಾಂಡ್‌ಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು) ಬ್ಯಾಂಡ್ 8 ಮತ್ತು 4. ಒಂದು ಬಲೆ ಇದೆ. 2022ರ ಜನವರಿ 25ರಿಂದ ಚಿತ್ರದ ಅಂಕಿಗಳಿಗೆ 1000 ಕೂಡಿಸಿ ಕೊಡ್ತಿದ್ದಾರೆ. ಬ್ಯಾಂಡ್ 8ರಲ್ಲಿ 4000, ಬ್ಯಾಂಡ್ 4ರಲ್ಲಿ 1000 ಇದ್ದರೆ ಎನ್‌ಡಿವಿಐ 0.60. ಎರಡಕ್ಕೂ 1000 ಸೇರಿದರೆ 0.43. ಅದೇ ಹೊಲ, ಅದೇ ಬೆಳೆ, ಆದರೆ 2022ರಲ್ಲಿ ಬರ ಬಂದ ಹಾಗೆ ಕಾಣುತ್ತೆ. ಹಾರ್ಮೊನೈಸ್ಡ್ ಅಂತ ಹೆಸರಿರೋ ಕಲೆಕ್ಷನ್ ಬಳಸಿದರೆ ಇದು ಸರಿಯಾಗಿರುತ್ತೆ. ಮುಂಗಾರಿನಲ್ಲಿ ಮೋಡದ ಪಿಕ್ಸೆಲ್ ತೆಗೆಯದಿದ್ದರೂ ಇದೇ ಗತಿ. ಜುಲೈ-ಆಗಸ್ಟ್‌ನಲ್ಲಿ ಮಲೆನಾಡಿನ ಕಡೆ ವಾರಗಟ್ಟಲೆ ಒಂದೂ ಸ್ವಚ್ಛ ಚಿತ್ರ ಸಿಗದೇ ಇರಬಹುದು. ಆಗ ಮೋಡ ದಾಟಿ ನೋಡೋ ಸೆಂಟಿನೆಲ್-1 ರೇಡಾರ್ ಬೇಕು. ಇನ್ನು ಕಳೆ ತುಂಬಿದ ಹೊಲವೂ ಎನ್‌ಡಿವಿಐಗೆ ಹಸಿರೇ, ರಾಗಿಯೂ ಹಸಿರೇ. ಬಿತ್ತನೆ ಯಾವಾಗ, ತೆನೆ ಯಾವಾಗ, ಕೊಯ್ಲು ಯಾವಾಗ ಅಂತ ಗೊತ್ತಿದ್ದರೆ ಗೆರೆ ಏರಿಳಿಯೋ ವಾರ ನೋಡಿ ಎರಡನ್ನೂ ಬೇರೆ ಮಾಡಬಹುದು. ರೆಸ್ಯೂಮೆಯಲ್ಲಿ ಡಿಗ್ರಿಯನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕೋರಿದ್ದಾರೆ. ನೀವು ಮೇಲೆ, ಪ್ರಾಜೆಕ್ಟ್ ಪಕ್ಕದಲ್ಲೇ ಹಾಕಿ.