ಕ್ಯಾಬರ್ನೆ ಸಿಪ್ಪೆ ಪಿನೋ ನ್ವಾರ್ ತರ ತೋರಿಸುತ್ತಿದೆ, ಎಲ್ಲಿ ತಪ್ಪಿರಬಹುದು?

ಬಳ್ಳಿಚಪ್ಪರ:
ನಂದಿ ಬೆಟ್ಟದ ಕಡೆಯ ತೋಟದಿಂದ ಕ್ಯಾಬರ್ನೆ ಸಾವಿನ್ಯೋನ್ ಎಂಬ ವೈನ್ ದ್ರಾಕ್ಷಿ ತಂದು, ಸಿಪ್ಪೆಯ ಆಂಥೋಸಯನಿನ್‌ಗಳನ್ನು (ಸಿಪ್ಪೆಗೆ ಬಣ್ಣ ಕೊಡುವ ವಸ್ತುಗಳು) ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣವನ್ನು ಬೇರ್ಪಡಿಸಿ, ಒಂದೊಂದನ್ನೂ ಗ್ರಾಫಿನಲ್ಲಿ ಪೀಕ್ ಆಗಿ ತೋರಿಸುವ ಯಂತ್ರ) ನೋಡುತ್ತಿದ್ದೇನೆ. ಸಿ18 ಕಾಲಂ (ಬೇರ್ಪಡಿಸುವ ಕೊಳವೆ), 520 ನ್ಯಾನೊಮೀಟರ್ ಬೆಳಕು. ಡೆಲ್ಫಿನಿಡಿನ್, ಸಯನಿಡಿನ್, ಪೆಟುನಿಡಿನ್, ಪಿಯೊನಿಡಿನ್, ಮಾಲ್ವಿಡಿನ್, ಈ ಐದರ ಗ್ಲುಕೋಸೈಡ್ (ಸಕ್ಕರೆ ಅಂಟಿದ ರೂಪ) ಪೀಕ್‌ಗಳು ಚೆನ್ನಾಗಿ ಬಂದಿವೆ. ಆಮೇಲೆ ಬರಬೇಕಾದ, ಆ ಸಕ್ಕರೆಗೆ ಅಸಿಟೈಲ್ ಗುಂಪು ಅಂಟಿರುವ ರೂಪಗಳ ಪೀಕ್‌ಗಳು ಮಾತ್ರ ಕಾಣುತ್ತಲೇ ಇಲ್ಲ. ಅಸಿಟೈಲ್ ಇಲ್ಲದ್ದು ಪಿನೋ ನ್ವಾರ್ ತಳಿ ಅಲ್ವಾ? ತೋಟದಲ್ಲಿ ಗಿಡವೇ ಅದಲುಬದಲಾಗಿದೆಯಾ? ಅವರನ್ನು ಕೇಳುವ ಮೊದಲು ನನ್ನ ಕೆಲಸ ಸರಿಯಿದೆ ಅಂತ ಖಚಿತ ಮಾಡಿಕೊಳ್ಳಬೇಕು.

ಹಳೇ ಲ್ಯಾಬ್:
ಗಿಡದ ಮೇಲೆ ಅನುಮಾನ ಪಡುವುದಕ್ಕೆ ಇನ್ನೂ ಸಮಯವಿದೆ ಮೇಡಂ. ಎರಡು ವಿಷಯ ಹೇಳಿ. ಬಣ್ಣ ತೆಗೆದದ್ದು ಯಾವುದರಲ್ಲಿ? ಗ್ರಾಫಿನ ಕೊನೆಯಲ್ಲಿ ಕೂಮರೈಲ್ (ಅಸಿಟೈಲ್‌ನಂತೆ ಸಕ್ಕರೆಗೆ ಅಂಟುವ ಇನ್ನೊಂದು ಗುಂಪು) ಪೀಕ್ ಸಣ್ಣದಾಗಿಯಾದರೂ ಇದೆಯಾ?

ಬಳ್ಳಿಚಪ್ಪರ:
ಮೆಥನಾಲ್‌ಗೆ 1% ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ತೆಗೆದೆ. ರೋಟರಿ ಇವಾಪರೇಟರ್‌ನಲ್ಲಿ 60 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿದೆ. ಕೊನೆಯಲ್ಲಿ ಒಂದು ಪುಟ್ಟ ಪೀಕ್ ಇದೆ. ಸುಮ್ನೆ ಕಸ ಅಂದುಕೊಂಡಿದ್ದೆ.

ಹಳೇ ಲ್ಯಾಬ್:
ಆ ಪುಟ್ಟ ಪೀಕೇ ಮುಖ್ಯ. ಪಿನೋ ನ್ವಾರ್‌ನಲ್ಲಿ ಅಸಿಟೈಲ್ ಅಷ್ಟೇ ಅಲ್ಲ, ಕೂಮರೈಲ್ ಕೂಡ ಇರುವುದಿಲ್ಲ. ಅದು ನಿಜವಾಗಿ ಕೂಮರೈಲ್ ಆಗಿದ್ದರೆ ನಿಮ್ಮ ಹಣ್ಣು ಪಿನೋ ಅಲ್ಲ.

ನನ್ನ ಅನುಮಾನ ಒಣಗಿಸಿದ ರೀತಿಯ ಮೇಲೆ. ಮೆಥನಾಲ್ ಆರಿದಂತೆ ಆಮ್ಲ ಗಾಢವಾಗುತ್ತದೆ. ಮೇಲಿಂದ ಬಿಸಿ ಬೇರೆ. ಸಕ್ಕರೆಗೆ ಅಂಟಿದ ಅಸಿಟೈಲ್ ಗುಂಪು ಆಗ ಕಳಚಿಹೋಗುತ್ತದೆ. ಅದು ಹೋದರೆ ಉಳಿಯುವುದು ಬರೀ ಗ್ಲುಕೋಸೈಡ್. ಅಂದರೆ ಆ ಐದು ಪೀಕ್‌ಗಳು ದೊಡ್ಡದಾಗುತ್ತವೆ, ಅಸಿಟೈಲ್ ಮಾಯವಾಗುತ್ತದೆ. ಕೂಮರೈಲ್ ಸ್ವಲ್ಪ ಗಟ್ಟಿ, ಅದಕ್ಕೇ ಅಷ್ಟಿಷ್ಟು ಉಳಿದಿದೆ.

ಹೈಡ್ರೋಕ್ಲೋರಿಕ್ ಬಿಡಿ, ಫಾರ್ಮಿಕ್ ಆಮ್ಲ ಹಾಕಿ. ಆಮ್ಲವೇ ಬೇಡ ಅಂತಲ್ಲ, ಅದಿಲ್ಲದೆ ಕೆಂಪು ನಿಲ್ಲುವುದಿಲ್ಲ. ಸಾಧ್ಯವಾದರೆ ಒಣಗಿಸಲೇಬೇಡಿ, ಮೊಬೈಲ್ ಫೇಸ್‌ನಲ್ಲಿ (ಕಾಲಂ ಮೂಲಕ ಹರಿಸುವ ದ್ರಾವಣ) ತೆಳು ಮಾಡಿ ನೇರ ಇಂಜೆಕ್ಟ್ ಮಾಡಿ. ಆ ದ್ರಾವಣದಲ್ಲೂ ಫಾರ್ಮಿಕ್ 10% ಇರಲಿ, ಇಲ್ಲದಿದ್ದರೆ ಪೀಕ್‌ಗಳು ಅಗಲವಾಗಿ ಒಂದರ ಮೇಲೊಂದು ಬೀಳುತ್ತವೆ. ಬಾಟಲಿಯನ್ನು ಕತ್ತಲಲ್ಲಿ, ತಣ್ಣಗೆ ಇಡಿ.

ಬಳ್ಳಿಚಪ್ಪರ:
ಫ್ರೀಜರ್‌ನಲ್ಲಿ ಉಳಿದಿದ್ದ ಹಣ್ಣಿನಿಂದ ಮತ್ತೆ ಮಾಡಿದೆ, ಸರ್. ಅಸಿಟೈಲ್ ಪೀಕ್‌ಗಳು ಬಂದವು! ಮಾಲ್ವಿಡಿನ್ ಅಸಿಟೈಲ್ ಗ್ಲುಕೋಸೈಡ್ ಎದ್ದು ಕಾಣುತ್ತಿದೆ. ತೋಟದವರನ್ನು ಕೇಳದೇ ಇದ್ದದ್ದು ಒಳ್ಳೆಯದಾಯಿತು. ಇನ್ನು ತಳಿ ಹೇಳುವುದಕ್ಕೆ ಒಟ್ಟು ಬಣ್ಣವನ್ನು ಲೆಕ್ಕ ಹಾಕಲಾ?

ಹಳೇ ಲ್ಯಾಬ್:
ಒಟ್ಟು ಬಣ್ಣ ನಂಬಬೇಡಿ. ಬಿಸಿಲು, ನೀರು, ಕೊಯ್ಲಿನ ದಿನ, ಎಲ್ಲದಕ್ಕೂ ಅದು ಏರುಪೇರಾಗುತ್ತದೆ. ಪೀಕ್‌ಗಳ ಅನುಪಾತ ನೋಡಿ. ಕ್ಯಾಬರ್ನೆಯಲ್ಲಿ ಕೂಮರೈಲ್‌ಗಿಂತ ಅಸಿಟೈಲ್ ಜಾಸ್ತಿ. ಟೆಂಪ್ರನಿಲ್ಲೊ ತಳಿಯಲ್ಲಿ ಇದು ಉಲ್ಟಾ. ನೆಬ್ಬಿಯೋಲೊ ತಳಿಯಲ್ಲಿ ಪಿಯೊನಿಡಿನ್ ಮುಂದೆ ಬರುತ್ತದೆ. ಆದರೆ ಇದೆಲ್ಲ ಹಣ್ಣಿನ ಸಿಪ್ಪೆಗೆ. ವೈನ್ ಹಳೆಯದಾದಂತೆ ಈ ಬಣ್ಣಗಳೇ ಬದಲಾಗುತ್ತವೆ. ಅದೇ ತೋಟದ ಶಿರಾಜ್ ತಳಿಯ ಹಣ್ಣು ಸಿಕ್ಕರೆ ಇದೇ ವಿಧಾನದಲ್ಲಿ ಪಕ್ಕದಲ್ಲೇ ಓಡಿಸಿ, ಎರಡೂ ಗ್ರಾಫ್ ಇಲ್ಲಿ ಹಾಕಿ.